ಕಾಳವ್ವ ಕಮಾನು ಬಿಚ್ಚಿದ ಕತೆ

ಬಹಳ ಹಿಂದಿನ ಮಾತು, ಕೇಳ್ರಪ್ಪಾ. ಎಷ್ಟು ಹಿಂದಿನದು ಅಂತ ಕೇಳಿದರೆ ನಮ್ಮಜ್ಜ ಅವನಜ್ಜನ ಕಾಲದ್ದು ಅನ್ನುತ್ತಿದ್ದ. ಅವನಜ್ಜನ ಕಾಲದಲ್ಲಿ ಟ್ರಕ್ಕು ಎಲ್ಲಿತ್ತು ಅಂತ ಕೇಳಿದರೆ ಬೈಯುತ್ತಿದ್ದ.

ಗಡಿಗೆಗುಡ್ಡದ ಬುಡದಲ್ಲಿ ಕೆಂಚನಹಳ್ಳ ಅಂತ ಒಂದು ಊರು. ಆ ಊರ ಹುಣಸೆಮರದ ಕೆಳಗೆ ಕಮ್ಮಾರ ಕಾಳವ್ವನ ಕುಲುಮೆ. ಗಂಡ ತೀರಿಕೊಂಡ ಮೇಲೆ ತಿದಿಯನ್ನೂ ಸುತ್ತಿಗೆಯನ್ನೂ ಅವಳೇ ಹಿಡಿದಳಂತೆ. ಕುಡುಗೋಲಿನಿಂದ ಟ್ರಕ್ಕಿನ ಕಮಾನಿನವರೆಗೆ ಅವಳ ಮಾತು ಕೇಳದ ಕಬ್ಬಿಣ ಇರಲಿಲ್ಲವಂತೆ. ಕಾದ ಪಟ್ಟಿಯನ್ನು ಮೂಸಿ ಹದ ಹೇಳುತ್ತಿದ್ದಳು ಅಂತಾರೆ. ಮೂಗು ಹೇಗೆ ಉಳಿಯಿತೋ, ಅದನ್ನು ಯಾರೂ ಹೇಳುವುದಿಲ್ಲ.

ಗುಡ್ಡದ ನೆತ್ತಿಯ ಮೇಲೆ ಕುಂಬಾರರ ಹನ್ನೆರಡು ಮನೆ. ಕೆಳಗಿನ ಏಳೂರಿನ ಮದುವೆಗೆ ಐರಾಣಿ ಗಡಿಗೆ, ಅಂದರೆ ಹಂದರದಲ್ಲಿಟ್ಟು ಪೂಜಿಸುವ ಗಡಿಗೆ, ಅಲ್ಲಿಂದಲೇ ಇಳಿಯಬೇಕು. ಗಡಿಗೆ ಬಾರದೆ ಹಂದರದೊಳಗೆ ಅಕ್ಕಿಕಾಳು ಬೀಳುತ್ತಿರಲಿಲ್ಲ. ಕತ್ತೆ ಮೇಲೆ ಹೇರಿ ತರುತ್ತಿದ್ದರು. ಒಂದು ವರ್ಷ ಆ ಕತ್ತೆದಾರಿ ಕುಸಿದು ಕಮರಿಗೆ ಬಿತ್ತು. ಉಳಿದದ್ದು ಒಣಗಿದ ಹಳ್ಳ ಒಂದೇ, ಅದರ ತುಂಬ ಗುಂಡುಕಲ್ಲು, ಕತ್ತೆಯ ಕಾಲು ಮುರಿಯುವಂಥ ಸಂದು. ಏಳೂರಿನವರು ಪೇಟೆಯ ಗಡಿಗೆ ತರುವ ಮಾತಾಡತೊಡಗಿದರು. ಗಡಿಗೆ ಇಳಿಯದಿದ್ದರೆ ಕುಂಬಾರರೇ ಇಳಿಯಬೇಕು, ಮನೆ ಬಿಟ್ಟು, ಮಣ್ಣು ಬಿಟ್ಟು. ಅವರ ಹಿರಿಯ ಗುರಪ್ಪಜ್ಜ ಕುಲುಮೆಯ ಮುಂದೆ ಬಂದು ಕೂತು, ಹಳ್ಳದಾಗ ಓಡೋ ಗಾಡಿ ಮಾಡಿಕೊಡು ಯವ್ವಾ ಅಂದನಂತೆ.

ಮಿಲಿಟರಿಯವರು ಬಿಟ್ಟುಹೋದ ಹಳೇ ಟ್ರಕ್ಕೊಂದು ಸಿಕ್ಕಿತು. ನಾಲ್ಕೂ ಗಾಲಿ ಎಳೆಯುವಂಥದ್ದು. ಓಡಿಸಲು ಊರಿನ ಡ್ರೈವರ ಲಾಲಸಾಬ ಒಪ್ಪಿದ. ಎಷ್ಟು ಹೇರುತ್ತೀರಿ ಅಂತ ಕಾಳವ್ವ ಕೇಳಿದ್ದಕ್ಕೆ ಗುರಪ್ಪಜ್ಜ ಕೈಯೆತ್ತಿ, ಡ್ರೈವರನ ತಲೆಯ ಮೇಲೆ ಎರಡು ಮೊಳ ತೋರಿಸಿದ. ಅಲ್ಲೇ ಆದದ್ದು ತಪ್ಪು. ಕಬ್ಬಿಣದ ಕಸುಬಿನವಳಿಗೆ ಅಷ್ಟೆತ್ತರದ ರಾಶಿ ಅಂದರೆ ಕಬ್ಬಿಣದಷ್ಟೇ ತೂಕ. ಹಿಂದಿನ ಅಚ್ಚಿಗೆ ಎರಡೂ ಕಡೆ ಹನ್ನೊಂದು ಹನ್ನೊಂದು ಉಕ್ಕಿನ ಪಟ್ಟಿ ಒಂದರ ಮೇಲೊಂದು ಪೇರಿಸಿ, ಗಾಡಿಯ ಭಾರ ಹೊರುವ ಕಮಾನು ಕಟ್ಟಿದಳು. ಆನೆ ಹತ್ತಿದರೂ ಬಗ್ಗುವುದಿಲ್ಲ ಅಂತ ಊರೆಲ್ಲ ಹೊಗಳಿತು.

ಬಗ್ಗಲಿಲ್ಲ, ನಿಜ. ಮೇಲೆ ಗಡಿಗೆ ಹೇರಿಕೊಂಡು ಇಳಿಯುವಾಗ ಮೊದಲ ಕಲ್ಲಿಗೆ ಟ್ರಕ್ಕು ಕುಪ್ಪಳಿಸಿತು, ಎರಡನೆಯದಕ್ಕೆ ಗಡಿಗೆಗಳೂ ಕುಪ್ಪಳಿಸಿದವು. ಗಡಿಗೆಗಳ ನಡುವೆಯೇ ಕೂತಿದ್ದ ಕಾಳವ್ವ ಒಂದೊಂದು ಒಡೆಯುವ ಸದ್ದನ್ನೂ ಕೇಳಿಸಿಕೊಂಡಳು. ಬುಡ ಮುಟ್ಟಿದಾಗ ನೂರೆಂಟರಲ್ಲಿ ಒಂದೂ ಉಳಿದಿರಲಿಲ್ಲವಂತೆ. ಗುರಪ್ಪಜ್ಜ ಗುಡ್ಡ ಹತ್ತಿಹೋಗಿ ಗಡಿಗೆ ಮಾಡುವ ತನ್ನ ತಿಗರಿಯನ್ನು ಗೂಟದಿಂದ ಎತ್ತಿ, ಇನ್ನು ಕಸುಬು ಸಾಕು ಅನ್ನುವಂತೆ ಗೋಡೆಗೆ ಒರಗಿಸಿಟ್ಟ. ಅದು ಕಿವಿಗೆ ಬಿದ್ದಾಗ ಕಾಳವ್ವನಿಗೆ ಗಂಡ ಸತ್ತ ದಿನಕ್ಕಿಂತ ಹೆಚ್ಚು ಅಳು ಬಂತಂತೆ.

ಬುದ್ಧಿ ಹೇಳುವವರಿಗೆ ಬರವೇ? ಊರವರು ಇನ್ನೆರಡು ಪಟ್ಟಿ ಸೇರಿಸು ಅಂದರು. ಪೇಟೆಯ ಮೇಸ್ತ್ರಿಯೊಬ್ಬ ಪಟ್ಟಿ ಬಿಸಾಕು, ಕಾರಿನ ಹಾಗೆ ಸುರುಳಿ ಸ್ಪ್ರಿಂಗ್ ಹಾಕು ಅಂದ. ಸುರುಳಿ ಮೆತ್ತಗಿರುತ್ತದೆ, ಕಾಳವ್ವನೂ ಒಪ್ಪಿದಳು. ಆದರೆ ಅದು ಭಾರ ಹೊರುತ್ತದೆ, ಅಚ್ಚನ್ನು ಹಿಡಿಯುವುದಿಲ್ಲ. ಹಿಡಿಯಲು ಸರಳು ಬೇರೆ ಬೇಕು, ಆ ಸರಳು ಹಳ್ಳದ ನಡುವೆ ಕಲ್ಲಿಗೆ ಬಡಿದು ಮುರಿದರೆ ಟ್ರಕ್ಕಿಗೆ ಗುಡ್ಡವೇ ಗತಿ. ಪಟ್ಟಿ ಹಾಗಲ್ಲ, ಹೊರುವುದೂ ಅದೇ, ಹಿಡಿಯುವುದೂ ಅದೇ.

ಯೋಚಿಸುತ್ತಲೇ ಟ್ರಕ್ಕಿನಲ್ಲಿದ್ದ ಗಡಿಗೆಯ ಚೂರನ್ನು ಬುಟ್ಟಿಗೆ ತುಂಬಿ ಹೊತ್ತುಹಾಕತೊಡಗಿದಳು. ಹನ್ನೆರಡನೇ ಬುಟ್ಟಿಗೆ ಟ್ರಕ್ಕು ಖಾಲಿ. ಸೊಂಟ ಹಿಡಿಯಲಿಲ್ಲ, ಉಸಿರು ಹತ್ತಲಿಲ್ಲ. ಕಾಳವ್ವ ಬುಟ್ಟಿ ಹಿಡಿದು ನಿಂತೇಬಿಟ್ಟಳು.

"ಇಷ್ಟೇ ಏನೋ ಲಾಲ್ಯಾ ಇದರ ಭಾರ? ಗಾಳಿ ಹೊರಾಕ ಹನ್ನೊಂದು ಪಟ್ಟಿ ಕಟ್ಟೀನಲ್ಲೋ!" ಅಂತ ಬಿದ್ದುಬಿದ್ದು ನಕ್ಕಳಂತೆ. ಬಗ್ಗುವಷ್ಟು ಭಾರವಿಲ್ಲದೆ ಕಮಾನು ಕಲ್ಲಿನ ಏಟನ್ನೆಲ್ಲ ಗಡಿಗೆಗೇ ದಾಟಿಸಿತ್ತು.

ಮರುದಿನ ಬೆಳಿಗ್ಗೆಯಿಂದ ಬಿಚ್ಚತೊಡಗಿದಳು. ಒಂದು ಪಟ್ಟಿ ಬಿಚ್ಚುವುದು, ಹಿಂದೆ ತುಂಬಿದ ಕೊಡ ಇಡುವುದು, ಹಳ್ಳದಲ್ಲಿ ಓಡಿಸುವುದು. ನೀರು ಚೆಲ್ಲಿತೋ, ಇನ್ನೊಂದು ಬಿಚ್ಚುವುದು. ಕಟ್ಟೋದು ಬಿಟ್ಟು ಬಿಚ್ಚಾಕ ಹತ್ಯಾಳ ಅಂತ ಊರು ನಕ್ಕಿತು. ಏಳು ಹೋಗಿ ನಾಲ್ಕು ಉಳಿದವು. ಆ ನಾಲ್ಕನ್ನೂ ಕಾಯಿಸಿ, ಬಡಿದು, ಉದ್ದ ಮಾಡಿ, ಹದ ಕೊಟ್ಟಳು. ಹಿಂದಿನ ತುದಿಯನ್ನು ಜೋಕಾಲಿಯಂಥ ಕೊಂಡಿಗೆ ತೂಗುಹಾಕಿದಳು. ಒಂದು ಗಾಲಿ ಬಂಡೆ ಹತ್ತಿದರೆ ಇನ್ನೊಂದು ಕುಣಿಗೆ ಇಳಿಯಬೇಕು, ನಡುವಿನ ಹಲಗೆಗೆ ಸುದ್ದಿ ಮುಟ್ಟಬಾರದು.

ಮೇಲೆ ಹೋಗುವಾಗ ಕುಂಬಾರರಿಗೆ ಜೋಳದ ಚೀಲ ಒಯ್ಯಬೇಕಲ್ಲ? ಅದಕ್ಕೂ ದಾರಿ ಕಂಡಳು. ನಾಲ್ಕರ ಕೆಳಗೆ ಬೆರಳಷ್ಟು ಸಂದು ಬಿಟ್ಟು ಒಂದು ದಪ್ಪ ಪಟ್ಟಿ ಇಟ್ಟಳು. ಗಡಿಗೆ ಇದ್ದಾಗ ಅದು ಸುಮ್ಮನೆ ಬಿದ್ದಿರುತ್ತದೆ, ಚೀಲದ ಭಾರ ಬಿದ್ದಾಗ ಮಾತ್ರ ಹೆಗಲು ಕೊಡುತ್ತದೆ. ಅದಕ್ಕೆ ಮನೆಯಳಿಯ ಅಂತ ಹೆಸರಿಟ್ಟವಳೂ ಅವಳೇ.

ಕೆಂಚನಹಳ್ಳದಲ್ಲಿ ಮದುವೆ ಹಂದರ ಎದ್ದಿತ್ತು. ಗುಡ್ಡದ ಮೇಲೆ ಲಾಲಸಾಬ ಬಿಸ್ಮಿಲ್ಲಾ ಅಂದು ಗೇರು ಹಾಕಿದ. ಉಳಿದ ಹನ್ನೊಂದು ಮನೆಯವರು ಮಾಡಿದ ನೂರೆಂಟು ಗಡಿಗೆ. ಸಾವಿರದೆಂಟು ಅನ್ನುವವರೂ ಇದ್ದಾರೆ, ಅನ್ನಲಿ ಬಿಡಿ. ಕಾಳವ್ವ ಮತ್ತೆ ಗಡಿಗೆಗಳ ನಡುವೆಯೇ ಕೂತಳು. ಗಾಲಿಗಳು ಆಳೆತ್ತರ ಮೇಲೆ, ಆಳುದ್ದ ಕೆಳಗೆ ಹೋದವಂತೆ. ಅವಳ ತೊಡೆಯ ಮೇಲಿನ ತುಂಬಿದ ಕೊಡ ಮಾತ್ರ ಅಲುಗಲಿಲ್ಲವಂತೆ.

ಬುಡದಲ್ಲಿ ಗುರಪ್ಪಜ್ಜ ಒಂದೊಂದೇ ಗಡಿಗೆ ಎತ್ತಿ ಬೆರಳ ಗೆಣ್ಣಿನಿಂದ ಬಡಿದ. ಠಣ್. ಇನ್ನೊಂದು. ಠಣ್. ನೂರೆಂಟೂ ಠಣ್ ಅಂದವು. ಮುದುಕ ನಗುತ್ತ ಅಳುತ್ತ ಗುಡ್ಡ ಓಡಿ ಹತ್ತಿ, ತಿಗರಿಯನ್ನು ಮತ್ತೆ ಗೂಟಕ್ಕೆ ಕೂಡಿಸಿದ. ಅವತ್ತು ಏಳೂರೂ ಕಾಳವ್ವನನ್ನು ಹೆಗಲ ಮೇಲೆ ಹೊತ್ತವು. ಬೈದು ಇಳಿಯಬೇಕಾಯಿತು ಅವಳು.

ಈಗ ಕುಲುಮೆ ಇಲ್ಲ, ಹುಣಸೆಮರ ಇದೆ. ಆ ಏಳೂರಿನಲ್ಲಿ ಹೊಸ ಗಾಡಿ ಬಂದರೆ ಹಿಂದೆ ತುಂಬಿದ ಕೊಡ ಇಟ್ಟು ಮೂರು ಕಲ್ಲು ದಾಟಿಸುತ್ತಾರೆ. ನೀರು ಚೆಲ್ಲಿದರೆ ಪಟ್ಟಿ ಸೇರಿಸುವುದಿಲ್ಲ, ಒಂದು ಬಿಚ್ಚುತ್ತಾರೆ. ಮದುವೆಯಲ್ಲಿ ಐರಾಣಿ ಗಡಿಗೆ ಹೊಸ್ತಿಲು ದಾಟುವ ಮುಂಚೆ ಮನೆಯ ಹಿರಿಯಳು ಅದನ್ನು ಗೆಣ್ಣಿನಿಂದ ಬಡಿಯುತ್ತಾಳೆ. ಠಣ್ ಅಂದಿತೋ, ಕಾಳವ್ವ ಇಳಿಸಿಕೊಟ್ಟಳು ಅಂತ ಎಲ್ಲರೂ ಕೂಗುತ್ತಾರೆ. ಗಡಿಗೆ ಇವತ್ತಿಗೂ ಗುಡ್ಡದ ಮೇಲಿಂದಲೇ ಬರುತ್ತದೆ.