ಪೂಜೆಗೆ ಕೂತ ಸ್ಟ್ಯಾಂಡುಗಳು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮಾರನೇ ದಿನ. ಶಾಲೆಯ ದಾರಿ ಎಡಕ್ಕಿತ್ತು. ನಾನು ಬಲಕ್ಕೆ ಹೋದೆ.

ಎಷ್ಟೋ ಊರು, ಎಷ್ಟೋ ಗ್ಯಾರೇಜು ದಾಟಿ ಮಲಪ್ರಭೆಯ ದಂಡೆಗೆ, ಸಂಸಾರಸ್ಥ ಜಂಗಮರಾದ ಮುರಿಗೆಯ್ಯನವರ ಸಣ್ಣ ಮಠಕ್ಕೆ ಬಂದೆ. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಮಠದ ಹಿಂದೆ ತಗಡಿನ ಚಪ್ಪರ, ಅದರಡಿ ಒಂದು ಹಳೇ ಆಸ್ಟಿನ್ ಕಾರು. ಅಜ್ಜಾರು ಅದನ್ನು ತಾವೇ ರಿಪೇರಿ ಮಾಡುತ್ತಿದ್ದರು. ಮಾರುತ್ತಿರಲಿಲ್ಲ, ಎಲ್ಲಿಗೂ ಓಡಿಸುತ್ತಲೂ ಇರಲಿಲ್ಲ.

ಅವರ ಹತ್ತಿರ ಕಲಿಯಲು ನಿಂತೆ.

ಕಲಿಸಿದ್ದು ಕಡಿಮೆ. ಗಟ್ಟಿ ನೆಲ ನೋಡು. ನೆಲ ಬಿಡದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡು. ಜಾಕಿನಿಂದ ಎತ್ತು, ಗಾಡಿಯ ಚೌಕಟ್ಟಾದ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಟ್ಟು ಅದರ ಮೇಲೆ ಇಳಿಸು. ಕೊನೆಗೆ ಹೆಗಲು ಕೊಟ್ಟು ಗಾಡಿಯನ್ನು ಅಲುಗಾಡಿಸು.

"ಅಲುಗಾಡಿಸೂದು ಯಾಕ್ರಿ ಅಜ್ಜಾರ?"

"ಬೀಳೂದಿದ್ರ ಈಗ ಬೀಳಲಿ."

ಆಯುಧಪೂಜೆ ಬಂತು. ಬೆಳಿಗ್ಗೆಯೇ ಸುತ್ತಿಗೆ, ಬೋಲ್ಟು ಬಿಗಿಯುವ ಪಾನಾ, ಸ್ಟ್ಯಾಂಡುಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಸಾಲಾಗಿ ಇಟ್ಟೆ. ಪೂಜೆಗೆ ಕೂತ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ.

ಆಮೇಲೆ ನೋಡಿದರೆ ಕಾರಿನಡಿ ಎಣ್ಣೆ ಹನಿಯುತ್ತಿತ್ತು. ಸಂಜೆ ಕಾರಿಗೂ ಪೂಜೆ. ಸೋರುವ ಗಾಡಿಗೆ ಆರತಿ ಎತ್ತುವುದೇ? ಡಿಕ್ಕಿಯಲ್ಲಿ ಒಂದು ಸ್ಕ್ರೂ ಜಾಕು, ಒಂದು ಪಾನಾ ಪೂಜೆಗೆ ಸೇರದೆ ಉಳಿದಿದ್ದವು. ಮುಂಭಾಗ ಎತ್ತಿದೆ. ಕೈಗೆ ಜಾಗವಾಗಲೆಂದು ಗಾಲಿ ಬಿಚ್ಚಿದೆ. ಬೆನ್ನು ನೆಲಕ್ಕೆ ಕೊಟ್ಟೆ.

"ಏನ್ ನಡಸೀಯೋ?"

ಅಜ್ಜಾರು ಚಪ್ಪರದ ಕಂಬದ ಹತ್ತಿರ ನಿಂತಿದ್ದರು.

"ಒಂದ್ ಬೋಲ್ಟ್ ಬಿಗಿ ಮಾಡೂದೈತ್ರಿ. ಎರಡ್ ನಿಮಿಷ."

"ಸ್ಟ್ಯಾಂಡು?"

"ಪೂಜಿಗೆ ಕುಂತಾವ್ರಿ. ಮುಟ್ಟಬಾರದಲ್ರಿ?"

"ಜಾಕು ಗಟ್ಟಿ ಐತೇನು?"

"ಕಲ್ಲಿನಂಗ ಐತ್ರಿ."

"ಹಂಗಾರ ನೀ ಏಳು. ನಾನ ಬಿಗಿ ಮಾಡ್ತೀನಿ."

ನಾನು ಎದ್ದೆ. ಅವರು ಶಾಲು ತೆಗೆದು ಕಂಬಕ್ಕೆ ಹಾಕಿದರು. ಮಲಗಿ, ತಲೆಯನ್ನು ಕಾರಿನಡಿಗೆ ಜರುಗಿಸತೊಡಗಿದರು. ನಾನು ಅವರ ಎರಡೂ ಕಾಲು ಹಿಡಿದು ಹೊರಗೆ ಎಳೆದೆ.

"ಯಾಕಲೇ ಕಾಲು ಹಿಡೀತಿ? ನಮಸ್ಕಾರ ಮುಂಜಾನೇನ ಆತಲ್ಲ."

"ಬ್ಯಾಡ್ರಿ ಅಜ್ಜಾರ. ಒಳಗ ಹೋಗಬ್ಯಾಡ್ರಿ."

"ನಿನಗ ಸಾಕಾದ ಜಾಕು ನನಗ್ಯಾಕ ಸಾಲವಲ್ದು?"



ಅವರು ಎದ್ದು, ಹೆಗಲು ಕೊಟ್ಟು ಕಾರನ್ನು ಒಮ್ಮೆ ತಳ್ಳಿದರು.

ಜಾಕು ವಾಲಿತು. ಕಾರು ಕುಸಿದ ಸದ್ದಿಗೆ ಹೊಳೆದಂಡೆಯ ಕೊಕ್ಕರೆಗಳೆಲ್ಲ ಎದ್ದವು. ನನ್ನ ಎದೆ ಇರಬೇಕಾಗಿದ್ದ ಜಾಗದಲ್ಲಿ ಈಗ ಅಂಗೈ ತೂರುವಷ್ಟೂ ಸಂದು ಇರಲಿಲ್ಲ.

"ಪಂಚಾಕ್ಷರಿನೂ ಎರಡ ನಿಮಿಷ ಅಂದಿದ್ದ," ಅಂದರು ಅಜ್ಜಾರು.

"ಯಾರ್ರಿ ಪಂಚಾಕ್ಷರಿ?"

"ನನ್ನ ಮಗ."

"ಇದ ಕಾರಿನಡಿ?"

ಹೌದೆಂದು ತಲೆಯಾಡಿಸಿದರು.

"ಮತ್ತ ಇನ್ನೂ ಯಾಕ ಇಟಗೊಂಡೀರಿ? ಮಾರಿಬಿಡ್ರಿ!"

"ಮಾರಿದ್ರ ಕೊಂಡವ ಇದರಡಿ ಹೋಗ್ತಾನ. ಅವನ ಕಾಲು ಹಿಡಿದು ಎಳ್ಯಾಕ ಅಲ್ಲಿ ಯಾರಿರ್ತಾರ?"

ಪೂಜೆಯ ಸಾಲಿಗೆ ಹೋಗಿ, ಸ್ಟ್ಯಾಂಡುಗಳ ಮೇಲಿನ ಹೂವು ಕೊಡವಿ, ಎತ್ತಿಕೊಂಡು ಬಂದರು.

"ದೇವರು ಸಿಟ್ಟಾಗೂದಿಲ್ರಿ?"

"ಆದ್ರ ನನ್ನ ಮ್ಯಾಲ ಆಗಲಿ. ಕಲ್ಲು ಕೊಡು ಗಾಲಿಗೆ."

ಮತ್ತೆ ಎತ್ತಿ, ಸ್ಟ್ಯಾಂಡಿನ ಮೇಲೆ ಇಳಿಸಿದೆವು. ಇಬ್ಬರೂ ಹೆಗಲು ಕೊಟ್ಟು ತಳ್ಳಿದೆವು. ಕಾರು ಮಿಸುಕಲಿಲ್ಲ.

"ಈಗ ಹೋಗು."

ಹೋದೆ. ಬೋಲ್ಟು ಬಿಗಿಯಾಯಿತು.

ಮರುದಿನ ಬೆಳಿಗ್ಗೆ ಚೀಲಕ್ಕೆ ಬಟ್ಟೆ ತುರುಕುತ್ತಿದ್ದೆ. ಒಂದೇ ಕಡೆ ಊರುವ ಕಾಲಲ್ಲ ನನ್ನದು. ಅದೂ ಅಲ್ಲದೆ ಆ ಚಪ್ಪರದ ಕಡೆ ನೋಡಲೂ ಆಗುತ್ತಿರಲಿಲ್ಲ.

ಅಜ್ಜಾರು ಬಂದು ಹೊಸ್ತಿಲ ಹತ್ತಿರ ಕೂತರು. ಇರು ಅನ್ನಲಿಲ್ಲ.

"ಎಲ್ಲಿಗೆ?"

"ಯಾವುದಾರ ಗ್ಯಾರೇಜಿಗ್ರಿ."

"ಅಂಜಿಕಿ ಹೋತೇನು?"

"ಇಲ್ರಿ. ಇನ್ನೂ ಕೈ ನಡಗತಾವ."

"ಚಲೋ ಆತು. ಅದನ್ನ ಇಲ್ಲೇ ಬಿಟ್ಟು ಹೋಗಬ್ಯಾಡ."