ತಡವಾಗಿ ಓಗೊಟ್ಟ ಕಡಲು

ಲೋಕ ಹೊಸದಾಗಿದ್ದಾಗಿನ ಮಾತು, ಶೇವಂತಿ. ಕಡಲಿಗಿನ್ನೂ ಉಪ್ಪು ಹತ್ತಿರಲಿಲ್ಲ, ನಿನ್ನ ಈ ಅಜ್ಜನಿಗಿನ್ನೂ ಮೀಸೆ ಬಂದಿರಲಿಲ್ಲ. ನಗಬೇಡ, ನಾನಿದ್ದೆ. ನಾವೀಗ ಕೂತಿರುವ ಈ ಪ್ರವಾಸದ ಹಡಗು ಇಪ್ಪತ್ತು ಜನಕ್ಕೇ ಓಲಾಡುತ್ತದೆ. ನನ್ನ ಆಗಿನ ದೋಣಿಯ ಹಾಯಿ ಬಿಚ್ಚಿದರೆ ಮೂರು ಊರಿಗೆ ನೆರಳು. ಅದನ್ನು ಎಡಗೈಯಲ್ಲಿ ನಡೆಸುತ್ತಿದ್ದೆ, ಒಬ್ಬನೇ.

ಆಗೆಲ್ಲ ರಾತ್ರಿಯ ಕಡಲು ಕಾಡಿಗೆಯ ಹಾಗೆ ಕಪ್ಪು. ಮೇಲೆ ಚುಕ್ಕಿಗಳು ಗುಂಪು ಗುಂಪಾಗಿ ಹರಟೆ ಹೊಡೆಯುತ್ತಿದ್ದವು. ಒಂದು ಚುಕ್ಕಿ ಮಾತ್ರ ದೂರ, ಬಾನಿನ ಅಂಚಿನಲ್ಲಿ, ಒಂಟಿ. ಅದರ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ. ಚಂದ್ರನನ್ನು ಕರೆಯೋಣವೆಂದರೆ ಅವತ್ತು ಅಮಾವಾಸ್ಯೆ. ಗಾಳಿಯನ್ನು ಕರೆಯಿತು. ಗಾಳಿಗೆ ನಿಲ್ಲಲು ಪುರುಸೊತ್ತಿಲ್ಲ.

ಆದರೂ ಗಾಳಿ ಹೋಗುತ್ತ ಹೋಗುತ್ತ ದೋಣಿಯವರ ಪದ್ಧತಿಯೊಂದನ್ನು ಅದಕ್ಕೆ ಹೇಳಿಕೊಟ್ಟಿತು. ಕತ್ತಲಲ್ಲಿ ಯಾರಾದರೂ ‘ಹೋಯ್’ ಅಂದರೆ, ಹತ್ತಿರ ಇದ್ದವರು ‘ಹೋಯ್’ ಅನ್ನಲೇಬೇಕು. ಹತ್ತಿರದವರು ಮಾತ್ರ. ಎಲ್ಲರೂ ಕೂಗಿದರೆ ಕರೆದವರಿಗೆ ದಿಕ್ಕು ತಪ್ಪುತ್ತದೆ.

ಚುಕ್ಕಿ ಬಗ್ಗಿ ಕೂಗಿತು.

“ಹೋಯ್.”

ನನಗೆ ಕೇಳಿಸಿತು. ಕಡಲಿಗೂ ಕೇಳಿಸಿತು. ದೋಣಿ ತೇಲುವುದು ತನ್ನ ಮೇಲೆ, ದೋಣಿಯವನೇ ಚುಕ್ಕಿಗೆ ಹತ್ತಿರ ಅಂತ ಕಡಲು ಸುಮ್ಮನಾಯಿತು. ಚುಕ್ಕಿ ಇರುವುದು ಬಾನು ನೀರಿಗೆ ತಾಗುವಲ್ಲಿ, ಕಡಲೇ ಹತ್ತಿರ ಅಂತ ನಾನು ಸುಮ್ಮನಾದೆ.

ಚುಕ್ಕಿ ಮತ್ತೆ ಕೂಗಿತು. ಕಡಲು ಸುಮ್ಮನೆ, ನಾನೂ ಸುಮ್ಮನೆ. ಮೂರನೇ ಸಲ ದನಿ ಸಣ್ಣಗಾಗಿತ್ತು. ಕಡಲು ಸುಮ್ಮನೆ, ನಾನೂ ಸುಮ್ಮನೆ.

ಕೆಳಗೆ ಯಾರಾದರೂ ಇದ್ದಾರೋ ಇಲ್ಲವೋ, ಹೋಗಿಯೇ ನೋಡೋಣ ಅಂತ ಚುಕ್ಕಿ ಬಾನಿನ ಕೈ ಬಿಟ್ಟಿತು. ದಾರಿಯಲ್ಲೇ ಪುಡಿಪುಡಿಯಾಗಿ, ಅಕ್ಕಿನುಚ್ಚಿನ ಹಾಗೆ ನೀರಿಗೆ ಸುರಿಯಿತು.

“ನೀನ್ಯಾಕೆ ಓಗೊಡಲಿಲ್ಲ?” ಕಡಲು ನನ್ನನ್ನು ಕೇಳಿತು.

“ನೀನಿದ್ದೀಯಲ್ಲ ಅಂದುಕೊಂಡೆ.”

“ನಾನೂ ಹಾಗೇ ಅಂದುಕೊಂಡೆ.”

ತಿಮಿಂಗಿಲದ ಬಾಲ ಹಿಡಿದು ಮೂರು ಸುತ್ತು ತಿರುಗಿಸಿದವನು ನಾನು. ಬೇಕಾದರೆ ತಿಮಿಂಗಿಲವನ್ನೇ ಕೇಳು. ಅವತ್ತು ಒಂದು ಕೂಗು ಹಾಕಲು ಆಗಲಿಲ್ಲ.

ಕಡಲು ಆ ನುಚ್ಚನ್ನೆಲ್ಲ ಒಟ್ಟುಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳ ಬಾಯಿಗೆ ಒಂದೊಂದು ಚೂರು ಇಟ್ಟಿತು. ಇನ್ನು ಮೇಲೆ ಹತ್ತಿರ, ದೂರ ನೋಡಬೇಡಿ, ಯಾರು ಮುಟ್ಟಿದರೂ ಆ ಗಳಿಗೆಯಲ್ಲೇ ಓಗೊಡಿ ಅಂತ ಹೇಳಿತು. ನನಗೆ ಏನೂ ಹೇಳಲಿಲ್ಲ. ನಾನೇ ಕಲಿತೆ. ದಿನಾ ರಾತ್ರಿ ಈ ಹಡಗಿನ ಅಂಚಿನ ಕಟಕಟೆ ಹಿಡಿದು ನಾನು ಕೂಗುವುದನ್ನು ನೋಡಿ ನೀನು ನಗುತ್ತೀಯಲ್ಲ, ಅದು ಇದೇ.

ಈಗ ಕೂಗಿದರೆ ಚುಕ್ಕಿಗೆ ಕೇಳುತ್ತದಾ ಅಂತ ಕೇಳಬೇಡ. ಅದೊಂದು ಮಾತ್ರ ನನಗೆ ಗೊತ್ತಿಲ್ಲ. ಬಾನಿನ ಆ ಅಂಚು ಇವತ್ತಿಗೂ ಖಾಲಿ.

ಅದಕ್ಕೇ ಶೇವಂತಿ, ಹಡಗಿನ ದೀಪ ಆರಿಸಿದ ಮೇಲೆ ಡಾಲ್ಫಿನ್ ಹಾರಿ ಬಿದ್ದಲ್ಲೆಲ್ಲ, ನೀನು ಇಳಿಬಿಟ್ಟ ಹಗ್ಗದ ತುದಿ ತಾಗಿದಲ್ಲೆಲ್ಲ, ನೀರು ತಟ್ಟನೆ ನೀಲಿಯಾಗಿ ಬೆಳಗುತ್ತದೆ. ಅವತ್ತು ಅನ್ನದೆ ಉಳಿದ ‘ಹೋಯ್’ ಅನ್ನು ಕಡಲು ಈಗಲೂ ಅನ್ನುತ್ತಿದೆ.