ಕತ್ತೆಯ ಕಿವಿಯಲ್ಲಿ ಮಾಚವ್ವ ಹೇಳಿದ್ದು

ಬಹಳ ಹಿಂದೆ, ಹೊಳೆಯ ಈ ದಡ ಒಬ್ಬ ದೊರೆಯದು, ಆ ದಡ ಇನ್ನೊಬ್ಬನದು ಆಗಿದ್ದ ಕಾಲದಲ್ಲಿ, ಒಂದು ಊರಿನಲ್ಲಿ ಅಗಸರ ಮಾಚವ್ವ ಇದ್ದಳಂತೆ. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಬೂದವ್ವ ಎಂಬ ಹೆಣ್ಣು ಕತ್ತೆ, ಅದರ ಎಳೆ ಮರಿ. ಬಟ್ಟೆಗಂಟು ಹೇರುವ ಮೊದಲು ಒಳಗೇನಿದೆ ಎಂದು ಕತ್ತೆಯ ಕಿವಿಯಲ್ಲಿ ಹೇಳುವುದು ಮಾಚವ್ವನ ಪದ್ಧತಿ. "ಇದು ಬಾಣಂತಿ ಸೀರಿ, ಸಾವಕಾಶ ಹೋಗವ್ವ." ಹೊರುವವರಿಗೆ ಹೇಳದೆ ಹೊರಿಸಬಾರದು ಅನ್ನುತ್ತಿದ್ದಳಂತೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಊರವರು ನಕ್ಕರು. ನಗಲಿ ಬಿಡಿ.

ಅದೇ ಊರಿನ ವ್ಯಾಪಾರಿ ಚನಮಲ್ಲ ಕದ್ದು ಅಫೀಮು ಸಾಗಿಸುವವನು. ಆಚೆ ದಡದಲ್ಲಿ ಅಫೀಮು ತಂದವರಿಗೆ ಶೂಲ. ಅದಕ್ಕೇ ಅವನು ಮನುಷ್ಯರನ್ನು ಕಳಿಸುತ್ತಿರಲಿಲ್ಲ. ಮರಿಯಿರುವ ಯಾವುದಾದರೂ ಕತ್ತೆಗೆ ಒಮ್ಮೆ ದಾರಿ ತೋರಿಸಿ, ಅದರ ಮರಿಯನ್ನು ಆಚೆ ದಡದ ತನ್ನ ಕೊಟ್ಟಿಗೆಯಲ್ಲಿ ಕಟ್ಟಿ, ತಾಯಿಯ ಮೇಲೆ ಈಚೆ ಮಾಲು ಹೇರಿ ಬಿಡುತ್ತಿದ್ದ. ಕರುಳು ಎಳೆದ ಕಡೆ ಅದು ತಾನೇ ಹೊಳೆ ದಾಟುತ್ತಿತ್ತು. ತಾಯಿಯ ಹಾಲನ್ನೂ ಕಳ್ಳತನಕ್ಕೆ ಹಚ್ಚಿದ ಪಾಪಿ!

ಅವನು ಬಂದು, ಹೊಟ್ಟು ಹೊರಿಸಬೇಕು, ಬೂದವ್ವನನ್ನೂ ಮರಿಯನ್ನೂ ಕೊಡು ಎಂದನಂತೆ. ಮಾಚವ್ವ ನಂಬಿದಳು. "ಹೊಟ್ಟು ಐತವ್ವ, ಹಗುರ ಐತಿ" ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು.

ಆಚೆ ದಡದ ಸುಂಕದ ಕಟ್ಟೆಯಲ್ಲಿ ಬೂದವ್ವ ಸಿಕ್ಕಿಬಿತ್ತು. ಹೊಟ್ಟಿನ ಚೀಲದೊಳಗೆ ಅಫೀಮು! ಡಂಗುರ ಹೊಡೆದರಂತೆ: ಒಡೆಯರು ಬಂದರೆ ಒಡೆಯರಿಗೆ ಶೂಲ, ಬಾರದಿದ್ದರೆ ಕತ್ತೆಯನ್ನೇ ಕೊಲ್ಲುವುದು. ಎರಡೂ ದಡದ ಜನ ಸೇರಿದರು. ಗುಂಪಿನಲ್ಲಿದ್ದ ಚನಮಲ್ಲ, ಆ ಕತ್ತೆಯ ಮುಖವನ್ನೇ ಕಂಡಿಲ್ಲ ಎಂದನಂತೆ. ಕತ್ತೆ ಇನ್ನೊಂದು ಸಿಕ್ಕೀತು, ಹೋಗಬೇಡ ಎಂದು ನೆರೆಯವರು ಮಾಚವ್ವನ ಸೆರಗು ಹಿಡಿದರು. ಅವಳು ಬಿಡಿಸಿಕೊಂಡು ಹೊಳೆಗಿಳಿದಳು.

"ಕತ್ತಿ ನಂದರಿ ಯಪ್ಪಾ. ಅದರ ಕಿವ್ಯಾಗ ಹೊಟ್ಟು ಅಂತ ಹೇಳಿದಾಕಿ ನಾನು. ನನ್ನ ಮಾತು ನಂಬಿ ಹೊತ್ತೈತಿ. ಸುಳ್ಳು ನಂದು, ಅದರದಲ್ಲ."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತೇವಲ್ಲ, ಅವನು ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಮಾಚವ್ವ ಅಳುತ್ತ ಬೂದವ್ವನ ಮೈ ಸವರಿದಳು. ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು.

"ಚನಮಲ್ಲ ಇದರ ಜೋಡಿ ಮರೀನೂ ಒಯ್ದಿದ್ದ. ಆ ಮರಿ ಎಲ್ಲೈತ್ರಿ? ಅದನ್ನ ಕಟ್ಟಿ ಹಾಕಿದಾವನೇ ಕಳ್ಳ. ಇದರ ಹಗ್ಗ ಬಿಚ್ಚಿ ಹಿಂದ ಬರ್ರಿ. ಮರಿ ಸಿಗಲಿಲ್ಲಂದ್ರ ನನ್ನ ಶೂಲಕ್ಕ ಹಾಕ್ರಿ."

ಸುಂಕದವನು ಕೆಚ್ಚಲು ನೋಡಿದ, ಅವಳ ಮುಖ ನೋಡಿದ, ಹಗ್ಗ ಬಿಚ್ಚಿಸಿದ. ಬೂದವ್ವ ಓಡಿತು, ಸುಂಕದ ಸಿಪಾಯಿಗಳೂ ಜನರೂ ಹಿಂದೆ ಓಡಿದರು. ಚನಮಲ್ಲನ ಕೊಟ್ಟಿಗೆಯ ಬಾಗಿಲನ್ನು ಅದು ಹಣೆಯಿಂದ ಗುದ್ದಿತಂತೆ. ಒಳಗೆ ಮರಿ, ಪಕ್ಕದಲ್ಲಿ ಅಫೀಮಿನ ಗಂಟು. ಮರಿ ಹಾಲು ಕುಡಿಯುವುದನ್ನು ನೋಡುತ್ತ ಸಿಪಾಯಿಗಳು ಕಳ್ಳನನ್ನು ಹಿಡಿಯುವುದನ್ನೇ ಮರೆತರಂತೆ, ಗುಂಪಿನಲ್ಲಿದ್ದ ಕಳ್ಳ ಓಡುವುದನ್ನು ಮರೆತನಂತೆ.

ಚನಮಲ್ಲನನ್ನು ಕಟ್ಟಿಕೊಂಡು ಹೋದ ಮೇಲೆ ಮಾಚವ್ವ ಬೂದವ್ವನ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ತಪ್ಪಾಯ್ತವ್ವ ಅಂದಿರಬೇಕು, ನಮ್ಮಜ್ಜಿ ಹಾಗೆನ್ನುತ್ತಿದ್ದಳು.

ಈಗ ಆ ಊರಲ್ಲಿ ಕತ್ತೆಗಳಿಲ್ಲ. ಬಟ್ಟೆಗಂಟು ಬೈಕಿನ ಮೇಲೆ ಹೋಗುತ್ತದೆ. ಆದರೂ ಮಡಿವಾಳರು ಗಂಟು ಬಿಗಿದ ಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹ್ಯಾಂಡಲಿನ ಹತ್ತಿರ ಬಗ್ಗಿ ಮೆಲ್ಲಗೆ ಹೇಳುತ್ತಾರೆ: "ಬಾಣಂತಿ ಸೀರಿ ಐತಿ. ಸಾವಕಾಶ ಹೋಗವ್ವ."